ಬಸವನಗುಡಿ ನೋಡುವುದಾದರೆ ಬಂಡೆಯಿಂದ ಶುರು ಮಾಡಿ

ಪ್ರಶ್ನೆ: ನಾವು ಹಾಸನದಿಂದ ಬಂದು ಬಸವನಗುಡಿಯಲ್ಲಿ ಬಾಡಿಗೆ ಮನೆ ಹಿಡಿದು ಎಂಟು ತಿಂಗಳಾಯಿತು. ಮುಂದಿನ ತಿಂಗಳು ನಮ್ಮ ಮಾವ, ಅತ್ತಿಗೆ, ಅವರ ಹತ್ತು ವರ್ಷದ ಮಗ ಬರುತ್ತಿದ್ದಾರೆ. ಮಾವನವರು ನಿವೃತ್ತ ಮೇಷ್ಟ್ರು. ಹಳೇ ಕಟ್ಟಡ, ಇತಿಹಾಸ ಅಂದರೆ ಅವರಿಗೆ ಪ್ರಾಣ. ಆದರೆ ಮಂಡಿ ನೋವು ಇದೆ. ಯಾರೇ ಬಂದರೂ ನಾವು ಲಾಲ್‌ಬಾಗ್ ತೋರಿಸಿ, ದೋಸೆ ತಿನ್ನಿಸಿ ಕಳಿಸಿಬಿಡುತ್ತೇವೆ. ನಮ್ಮ ಬಡಾವಣೆಯಲ್ಲೇ ನಡೆದು ನೋಡುವಂಥದ್ದು ಏನೇನಿದೆ? ಒಂದು ದಿನ ಮಾತ್ರ ಸಿಕ್ಕರೆ ಯಾವ ಕ್ರಮದಲ್ಲಿ ನೋಡಬೇಕು?

ಉತ್ತರ: ಮೊದಲು ದಿನ ಗೊತ್ತು ಮಾಡಿಕೊಳ್ಳೋಣ. ಶನಿವಾರ ಇಟ್ಟುಕೊಳ್ಳಿ. ಶುಕ್ರವಾರ ವಿದ್ಯಾರ್ಥಿ ಭವನ ಬಾಗಿಲು ತೆಗೆಯುವುದಿಲ್ಲ. ಭಾನುವಾರ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇರುವುದಿಲ್ಲ. ಎರಡರಲ್ಲಿ ಒಂದು ಕಡೆಯಾದರೂ ನೀವು ಹೋಗಿಯೇ ಹೋಗುತ್ತೀರಿ, ಅಲ್ವಾ?

ಎಷ್ಟೋ ವರ್ಷಗಳಿಂದ ರಜಾ ದಿನ ಬೆಳಿಗ್ಗೆ ಈ ಬೀದಿಗಳಲ್ಲಿ ಜನರನ್ನು ಕರೆದುಕೊಂಡು ಓಡಾಡುತ್ತಿದ್ದೇನೆ. ಶುರುವಿನಲ್ಲಿ ನಾನೂ ಎಲ್ಲರ ಹಾಗೆ ದೇವಸ್ಥಾನ, ಕಾಲೇಜು, ಹೋಟೆಲ್ ಅಂತ ಪಟ್ಟಿ ಹಿಡಿದು ತೋರಿಸುತ್ತಿದ್ದೆ. ಬಂದವರಿಗೆ ಸುಸ್ತಾಗುತ್ತಿತ್ತೇ ಹೊರತು ಊರು ಸಿಗುತ್ತಿರಲಿಲ್ಲ. ಆಮೇಲೆ ಒಂದು ವಿಷಯ ಹೊಳೆಯಿತು. ಬಸವನಗುಡಿಯ ಹಳೇ ಜಾಗಗಳೆಲ್ಲ ಒಂದೋ ಬಂಡೆಯ ಮೇಲಿವೆ, ಇಲ್ಲವೇ ಬಂಡೆಯ ಕೆಳಗಿವೆ, ಇಲ್ಲವೇ ಬಂಡೆಯನ್ನೇ ಕಡೆದು ಮಾಡಿದವು. ಈ ಬಂಡೆಯ ಜಾಡು ಹಿಡಿದು ಹೋದರೆ ಎಲ್ಲ ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಅದಕ್ಕೇ ನನ್ನ ಸಲಹೆ, ದೇವಸ್ಥಾನಕ್ಕೂ ಮೊದಲು ಬ್ಯೂಗಲ್ ರಾಕ್ ಉದ್ಯಾನಕ್ಕೆ ಹೋಗಿ. ಬೆಳಿಗ್ಗೆ ಆರೂವರೆ, ಏಳಕ್ಕೆ ಅಲ್ಲಿರಿ.

ಹಳಬರು ಇದನ್ನು ಕಹಳೆ ಬಂಡೆ ಅನ್ನುತ್ತಾರೆ. ಕಾವಲಿನವನು ಇದರ ಮೇಲೆ ನಿಂತು ಕಹಳೆ ಊದುತ್ತಿದ್ದ, ಹೆಸರು ಅದರಿಂದಲೇ ಬಂತು ಅಂತ ಹೇಳುತ್ತಾರೆ. ಆದರೆ ಹುಡುಗನಿಗೆ ಹೇಳಬೇಕಾದ ದೊಡ್ಡ ಕಥೆ ಬೇರೆ ಇದೆ. ಈ ಕಲ್ಲಿನ ಜಾತಿಗೆ ಪೆನಿನ್ಸುಲಾರ್ ನೈಸ್ ಅಂತ ಹೆಸರು. ವಯಸ್ಸು ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಅಳಿದು ಆರೂವರೆ ಕೋಟಿ ವರ್ಷ ಆಗಿದೆ ಅಷ್ಟೇ. ಅವು ಹುಟ್ಟುವ ಹೊತ್ತಿಗೇ ಈ ಬಂಡೆ ಮುದಿಯಾಗಿತ್ತು. ನೀವು ಎಲ್ಲರಿಗೂ ತೋರಿಸುವ ಲಾಲ್‌ಬಾಗಿನ ಗುಡ್ಡವೂ ಇದೇ ಕಲ್ಲು. ಅಲ್ಲಿ ಭೂವಿಜ್ಞಾನ ಸರ್ವೇಕ್ಷಣೆಯವರು ರಾಷ್ಟ್ರೀಯ ಸ್ಮಾರಕ ಅಂತ ಫಲಕ ಹಾಕಿದ್ದಾರೆ. ಹುಡುಗನ ಕೈಯನ್ನು ಬಂಡೆಯ ಮೇಲೆ ಇಡಿಸಿ. ಬಿಳಿ, ಬೂದು ಪಟ್ಟೆಗಳು ಕಾಣಿಸುತ್ತವೆ. ಭೂಮಿಯ ಒಳಗಿನ ಬಿಸಿಗೆ, ಒತ್ತಡಕ್ಕೆ ಕಲ್ಲು ಬಳುಕಿದ ಗುರುತು ಅದು.

ಉದ್ಯಾನದ ಮರಗಳಲ್ಲಿ ಬಾವಲಿಗಳು ಗೊಂಚಲು ಗೊಂಚಲಾಗಿ ನೇತಾಡುತ್ತವೆ. ಡಿ.ವಿ.ಜಿ.ಯವರ ಪ್ರತಿಮೆಯೂ ಇಲ್ಲೇ ಇದೆ. ನಿಮ್ಮ ಮಾವನವರು ಅದರ ಮುಂದೆ ಸ್ವಲ್ಪ ಹೊತ್ತು ಕೂರಲಿ. ಮೇಷ್ಟ್ರಿಗೆ ಡಿ.ವಿ.ಜಿ. ಬಗ್ಗೆ ನಾನೇನು ಹೇಳಲಿ?

ಅಲ್ಲಿಂದ ದೊಡ್ಡ ಬಸವಣ್ಣನ ಗುಡಿ ನಾಲ್ಕು ಹೆಜ್ಜೆ. ಮೆಟ್ಟಿಲುಗಳಿವೆ, ಮಾವನವರನ್ನು ನಿಧಾನವಾಗಿ ಹತ್ತಿಸಿ. ಬಸವಣ್ಣ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಪೂರ್ತಿ ಒಂದೇ ಕಲ್ಲು. ಈಗ ಕಪ್ಪಗೆ ಮಿರಿಮಿರಿ ಮಿಂಚುತ್ತದಲ್ಲ, ಅದು ಕಲ್ಲಿನ ಬಣ್ಣವಲ್ಲ. ತಲೆಮಾರುಗಳ ಕಾಲ ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿದ್ದು. ಒಳಗಿನ ಕಲ್ಲು ಬೂದು. ಈಗಷ್ಟೇ ಉದ್ಯಾನದಲ್ಲಿ ಬೂದು ಬಂಡೆ ಮುಟ್ಟಿ ಬಂದ ಹುಡುಗನಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಬಂಡೆಯನ್ನು ಮೊದಲು ನೋಡಿ ಅಂದಿದ್ದು ಇದಕ್ಕೇ.

ಗುಡಿ ಕಟ್ಟಿಸಿದವರು ಒಂದನೇ ಕೆಂಪೇಗೌಡರು ಅನ್ನುವುದು ರೂಢಿಯ ಮಾತು. ಅವರು ಬೆಂಗಳೂರಿನ ಮಣ್ಣಿನ ಕೋಟೆ ಕಟ್ಟಿಸಿದ ವರ್ಷ 1537. ಆಗ ಈ ಜಾಗಕ್ಕೆ ಸುಂಕೇನಹಳ್ಳಿ ಅಂತ ಹೆಸರು. ಕೋಟೆಯಿಂದ ಆಚೆ, ಹೊಲಗಳ ನಡುವಿನ ಹಳ್ಳಿ. ಕಡಲೆಕಾಯಿ ಬೆಳೆಯನ್ನು ಒಂದು ಬಸವ ರಾತ್ರಿ ಬಂದು ತಿಂದುಹೋಗುತ್ತಿತ್ತಂತೆ. ಸಿಟ್ಟಿಗೆದ್ದ ರೈತ ದೊಣ್ಣೆಯಲ್ಲಿ ಹೊಡೆದನಂತೆ. ಬಸವ ಕೂತಲ್ಲೇ ಕಲ್ಲಾಯಿತು. ಕಲ್ಲಾದ ಮೇಲೂ ಬೆಳೆಯುತ್ತಲೇ ಹೋಯಿತು, ಕೊನೆಗೆ ತಲೆಯ ಮೇಲೆ ತ್ರಿಶೂಲ ನೆಟ್ಟು ನಿಲ್ಲಿಸಿದರು ಅನ್ನುತ್ತಾರೆ. ಚೆನ್ನಾದ ಕಥೆ, ಹುಡುಗನಿಗೆ ಖಂಡಿತ ಹೇಳಿ. ಮಾವನವರ ಜೊತೆ ಮಾತ್ರ ಇನ್ನೊಂದು ವಿಷಯ ಚರ್ಚೆ ಮಾಡಿ. ಕಡಲೆಕಾಯಿ ನಮ್ಮ ನೆಲದ ಬೆಳೆಯೇ ಅಲ್ಲ. ಅದರ ತವರು ದಕ್ಷಿಣ ಅಮೆರಿಕ. ಯುರೋಪಿನವರ ಹಡಗುಗಳು ಬರಲು ಶುರುವಾದ ಮೇಲೆ ಅದು ಭಾರತಕ್ಕೆ ಬಂತು. ಹಾಗಾದರೆ ಕಥೆಯೂ, ಕಾರ್ತಿಕದಲ್ಲಿ ಇಲ್ಲಿ ನಡೆಯುವ ಕಡಲೆಕಾಯಿ ಜಾತ್ರೆ ಅಂದರೆ ಪರಿಷೆಯೂ ಈಗಿನ ರೂಪಕ್ಕೆ ಬಂದಿದ್ದು ಆ ಬೆಳೆ ಇಲ್ಲಿನ ಹೊಲಗಳಲ್ಲಿ ಬೇರೂರಿದ ಮೇಲೆಯೇ ಇರಬೇಕು ಅಂತ ನನ್ನ ಅನಿಸಿಕೆ. ಇದರಿಂದ ಕಥೆಗೆ ಕುಂದೇನೂ ಇಲ್ಲ. ದೂರದಿಂದ ಬಂದ ಬೆಳೆಯನ್ನು ಜನ ತಮ್ಮ ದೇವರ ಕಥೆಯೊಳಗೇ ಸೇರಿಸಿಕೊಂಡರಲ್ಲ, ನನಗೆ ಅದೇ ದೊಡ್ಡದು.

ಬಸವಣ್ಣನ ಪಾದದ ಬಳಿ ವೃಷಭಾವತಿ ನದಿ ಹುಟ್ಟುತ್ತದೆ ಅನ್ನುವ ನಂಬಿಕೆಯೂ ಇದೆ. ಹೆಸರಲ್ಲೇ ವೃಷಭ ಇದೆ ನೋಡಿ. ವೃಷಭಾವತಿ ಹೋಗಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಕಾವೇರಿಯನ್ನು. ಮೈಸೂರು ರಸ್ತೆಯ ಪಕ್ಕ ಇವತ್ತು ಕೊಳಚೆ ಹೊತ್ತು ಹರಿಯುವ ನೀರು ಇದೇ ವೃಷಭಾವತಿ. ಈ ಮಾತು ಹೇಳುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಆದರೂ ಮಕ್ಕಳಿಗೆ ಹೇಳದೆ ಬಿಡುವುದಿಲ್ಲ.

ಪಕ್ಕದಲ್ಲೇ ದೊಡ್ಡ ಗಣೇಶ. ಇದೂ ಒಂದೇ ಕಲ್ಲು, ಸುಮಾರು 18 ಅಡಿ ಎತ್ತರ. ಬೆಣ್ಣೆ ಅಲಂಕಾರ ಇದ್ದ ದಿನ ಹೋದರೆ ಕಲ್ಲು ಕಾಣುವುದಿಲ್ಲ, ಬೆಣ್ಣೆಯ ಗಣಪನೇ ಕಾಣುತ್ತಾನೆ. ಅದೂ ಒಂದು ಚೆಂದ.

ಈಗ ತಿಂಡಿ. ಗಾಂಧಿ ಬಜಾರಿಗೆ ಆಟೋ ಹಿಡಿಯಿರಿ, ಮಾವನವರನ್ನು ನಡೆಸಬೇಡಿ. ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು. ಸುತ್ತಮುತ್ತಲ ವಿದ್ಯಾರ್ಥಿಗಳಿಗೆ ತಿಂಡಿ ಕೊಡಲು ಇಟ್ಟ ಹೋಟೆಲ್ ಅಂತ ಹೆಸರೇ ಹೇಳುತ್ತದೆ. ದೋಸೆ ಬಗ್ಗೆ ನಿಮಗೆ ಗೊತ್ತೇ ಇದೆ, ಬಿಡಿ. ಶನಿವಾರ ಒಂಬತ್ತು ದಾಟಿದರೆ ಕಾಯಬೇಕಾಗುತ್ತದೆ. ಮಾವನವರಿಗೆ ನಿಲ್ಲಲು ಆಗದಿದ್ದರೆ ಬ್ರಾಹ್ಮಿನ್ಸ್ ಕಾಫಿ ಬಾರ್ ಬೇಡ. ಅಲ್ಲಿ ನಿಂತೇ ತಿನ್ನಬೇಕು. 1965ರಿಂದ ಇರುವ ಪುಟ್ಟ ಜಾಗ, ಇಡ್ಲಿ ವಡೆಗೆ ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಅತ್ತಿಗೆಯವರನ್ನು ಇನ್ನೊಂದು ದಿನ ಕರೆದುಕೊಂಡು ಹೋಗಿ.

ತಿಂಡಿ ಆದ ಮೇಲಿನ ಒಂದು ಗಂಟೆಗೆ ಟಿಕೆಟ್ಟೂ ಇಲ್ಲ, ಫಲಕವೂ ಇಲ್ಲ. ಆದರೂ ಈ ದಿನದಲ್ಲಿ ನಾನು ಬಹಳ ಬೆಲೆ ಕೊಡುವುದು ಅದಕ್ಕೇ. ನೀವು ಬಾಡಿಗೆಗಿರುವ ಬಡಾವಣೆಯೇ ಒಂದು ಇತಿಹಾಸ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಚಿಕ್ಕಪೇಟೆ, ಬಳೇಪೇಟೆಯ ಕಡೆ ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಬೆಳಕು ಕಡಿಮೆ, ಜನ ಜಾಸ್ತಿ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ. ಪೇಟೆಯಲ್ಲಿ ಜನ ಹೀಗೆ ಒತ್ತೊತ್ತಾಗಿ ಇರಬಾರದು ಅಂತ ಸರ್ಕಾರ ಹೊಸ ಬಡಾವಣೆಗಳನ್ನು ಬೆಳೆಸಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ. ಎರಡೂ ಪ್ಲೇಗಿನ ಮಕ್ಕಳು.

ಇದು ಗೊತ್ತಿದ್ದು ನಡೆದರೆ ಬೀದಿ ಬೇರೆ ಥರ ಕಾಣುತ್ತದೆ. ರಸ್ತೆ ಯಾಕೆ ಇಷ್ಟು ನೇರ, ಇಷ್ಟು ಅಗಲ? ಗಾಳಿ ಆಡಲಿ ಅಂತ. ಹಳೇ ಮನೆಗಳ ಸುತ್ತ ಯಾಕೆ ಜಾಗ ಬಿಟ್ಟಿದ್ದಾರೆ? ಮನೆಗೆ ಮನೆ ತಾಗಬಾರದು ಅಂತ. ಉಳಿದಿರುವ ಹಳೇ ಮನೆಗಳು ಈಗ ಬೆರಳೆಣಿಕೆ ಅನ್ನುವಷ್ಟು ಕಮ್ಮಿ. ಡಿ.ವಿ.ಜಿ. ರಸ್ತೆಯ ಗಲಾಟೆ ಬಿಟ್ಟು ಒಳಗಿನ ಅಡ್ಡರಸ್ತೆಗಳಿಗೆ ಹೋಗಿ. ಮಂಗಳೂರು ಹೆಂಚಿನ ಇಳಿಜಾರು, ಮರದ ಪಟ್ಟಿಗಳ ಕಟಾಂಜನ, ಮುಂದೆ ಜಗುಲಿ, ಕೆಂಪು ರೆಡ್ ಆಕ್ಸೈಡ್ ನೆಲ, ಗೋಡೆಯ ನೆತ್ತಿಯಲ್ಲಿ ಗಾರೆಯಲ್ಲಿ ಬರೆದ ಮನೆಯ ಹೆಸರು, ಕೆಲವು ಕಡೆ ಕಟ್ಟಿದ ಇಸವಿ. ಇಸವಿ ಹುಡುಕುವ ಕೆಲಸ ಹುಡುಗನಿಗೆ ಕೊಡಿ. ಅತಿ ಹಳೆಯದನ್ನು ಕಂಡುಹಿಡಿದರೆ ಐಸ್‌ಕ್ರೀಂ ಅಂತ ಹೇಳಿದರೆ ಸಾಕು, ಅವನೇ ಎಲ್ಲರನ್ನೂ ಎಳೆದುಕೊಂಡು ಹೋಗುತ್ತಾನೆ.

ಇವೆಲ್ಲ ಜನ ವಾಸ ಇರುವ ಮನೆಗಳು. ಗೇಟು ತಳ್ಳಬೇಡಿ, ಕೇಳದೆ ಫೋಟೋ ತೆಗೆಯಬೇಡಿ. ಜಗುಲಿಯಲ್ಲಿ ಅಜ್ಜಿ ಕೂತಿದ್ದರೆ ನಮಸ್ಕಾರ ಮಾಡಿ ಮಾತಾಡಿಸಿ. ಎಷ್ಟೋ ಸಲ ಅವರೇ ಒಳಗೆ ಕರೆದು ತೊಟ್ಟಿ, ಬಾವಿ ತೋರಿಸಿದ್ದಾರೆ.

ಇನ್ನೊಂದನ್ನು ತಪ್ಪದೆ ನೋಡಿ. ಎರಡು ಸಾಲು ಮನೆಗಳ ಬೆನ್ನ ಹಿಂದೆ ಕಿರಿದಾದ ಓಣಿಗಳಿವೆ. ಕೆಲವು ಮುಚ್ಚಿಹೋಗಿವೆ, ಕೆಲವು ಇನ್ನೂ ಉಳಿದಿವೆ. ಕನ್ಸರ್ವೆನ್ಸಿ ಓಣಿ ಅನ್ನುತ್ತಿದ್ದರು. ಒಳಚರಂಡಿ ಇಲ್ಲದ ಕಾಲದಲ್ಲಿ ಹಿತ್ತಲ ಕಕ್ಕಸಿನ ಮಲ ಹೊರುವವರು ಬರುತ್ತಿದ್ದ ದಾರಿ ಅದು. ಅವರು ಮನೆಯ ಮುಂದಿನಿಂದ ಬರುವ ಹಾಗಿರಲಿಲ್ಲ. ಈ ಬಡಾವಣೆಯ ಆರೋಗ್ಯ ಕಾಪಾಡಿದ್ದು ಅಗಲ ರಸ್ತೆ ಎಷ್ಟೋ, ಆ ಓಣಿಯಲ್ಲಿ ನಡೆದವರೂ ಅಷ್ಟೇ. ಅವರ ಹೆಸರಿನಲ್ಲಿ ಇಲ್ಲಿ ಒಂದು ಸರ್ಕಲ್ಲೂ ಇಲ್ಲ. ಹತ್ತು ವರ್ಷದ ಹುಡುಗನಿಗೆ ಇದು ಅರ್ಥವಾಗದ ವಿಷಯವೇನಲ್ಲ. ನಿಮ್ಮ ಮಾವನವರು ಮೇಷ್ಟ್ರು, ಅವರೇ ಚೆನ್ನಾಗಿ ವಿವರಿಸುತ್ತಾರೆ.

ಬಿಸಿಲು ಏರುವ ಮೊದಲು ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಆಶ್ರಮಕ್ಕೆ ಹೋಗಿ. ಇಲ್ಲೂ ಬಂಡೆ ಇದೆ! 1911ರಲ್ಲಿ ಶಾರದಾದೇವಿಯವರು ಬೆಂಗಳೂರಿಗೆ ಬಂದಿದ್ದಾಗ ಆಶ್ರಮದ ಹಿಂದಿನ ಬಂಡೆಯ ಮೇಲೆ ಸಂಜೆ ಹೊತ್ತು ಕೂತಿದ್ದರು. ಆ ಕಲ್ಲನ್ನು ಹಾಗೇ ಉಳಿಸಿಕೊಂಡಿದ್ದಾರೆ. ಆಗ ಸುತ್ತ ಮನೆಗಳು ಅಷ್ಟಾಗಿ ಇರಲಿಲ್ಲ ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿ. ನೆರಳಿದೆ, ಸದ್ದಿಲ್ಲ. ಮಾವನವರ ಮಂಡಿಗೆ ಅರ್ಧ ಗಂಟೆ ವಿಶ್ರಾಂತಿ ಸಿಗುತ್ತದೆ.

ಮಧ್ಯಾಹ್ನ ದೇವಸ್ಥಾನಗಳು ಮುಚ್ಚಿರುತ್ತವೆ. ಮನೆಗೆ ಹೋಗಿ ಊಟ ಮಾಡಿ ಮಲಗಿ. ಹೊರಗೆ ಸುಮ್ನೆ ಸುತ್ತಿ ಯಾರನ್ನೂ ಬಳಲಿಸಬೇಡಿ.

ಸಂಜೆಗೆ ಗವಿಪುರ. ಗವಿ ಗಂಗಾಧರೇಶ್ವರ ನಿಜಕ್ಕೂ ಬಂಡೆಯ ಒಳಗಿನ ಗುಡಿ. ಇಲ್ಲಿನ ಲಿಂಗಕ್ಕೆ ಗೋಡೆ, ಚಾವಣಿ ಎಲ್ಲ ಬಂಡೆಯೇ. ಪ್ರದಕ್ಷಿಣೆ ಹಾಕುವ ದಾರಿ ಎಷ್ಟು ತಗ್ಗು ಅಂದರೆ ದೊಡ್ಡವರು ಬಗ್ಗಿಯೇ ಹೋಗಬೇಕು. ಮಾವನವರು ಮುಂದೆ ನಿಂತು ದರ್ಶನ ಮಾಡಿದರೆ ಸಾಕು, ಪ್ರದಕ್ಷಿಣೆ ಹುಡುಗನಿಗೆ ಬಿಡಿ. ಅಂಗಳದಲ್ಲಿ ಒಂದೊಂದೇ ಕಲ್ಲಿನಲ್ಲಿ ಕಡೆದ ನಾಲ್ಕು ದೊಡ್ಡ ಕಂಬಗಳಿವೆ. ಎರಡರ ತಲೆಯ ಮೇಲೆ ತಟ್ಟೆಯಂಥ ದೊಡ್ಡ ಚಕ್ರ, ಒಂದು ಸೂರ್ಯಪಾನ, ಇನ್ನೊಂದು ಚಂದ್ರಪಾನ. ಉಳಿದ ಎರಡು ತ್ರಿಶೂಲ ಮತ್ತು ಡಮರು. ಒಳಗೆ ಎರಡು ತಲೆ, ಏಳು ಕೈ, ಮೂರು ಕಾಲಿನ ಅಗ್ನಿಯ ಮೂರ್ತಿ ಇದೆ. ಅಪರೂಪದ್ದು, ಕೇಳಿ ನೋಡಿ.

ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ಕಿಟಕಿಯಿಂದ ಹಾದು, ನಂದಿಯ ಕೋಡುಗಳ ನಡುವಿನಿಂದ ಲಿಂಗದ ಮೇಲೆ ಬೀಳುವುದು ನಿಮಗೂ ಗೊತ್ತಿರಬಹುದು. ಆ ದಿನವೇ ಬರಬೇಕು ಅಂತ ಹಟ ಬೇಡ. ನಾನೊಮ್ಮೆ ಸಂಕ್ರಾಂತಿಯ ದಿನ ಮೂರು ಗಂಟೆ ಸಾಲಿನಲ್ಲಿ ನಿಂತೆ. ಕೊನೆಗೆ ಕಂಡಿದ್ದು ಮುಂದಿನವರ ಬೆನ್ನು. ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿ ಹೇಳುತ್ತೇನೆ. ಈ ಬೆಳಕು ವರ್ಷದಲ್ಲಿ ಒಂದೇ ಸಲ ಬೀಳುವುದಲ್ಲ. ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ದಿನಗಳವರೆಗೂ ಬೀಳುತ್ತದೆ. ಕಾರಣ ಸರಳ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ವಾಪಸ್ ಹೊರಡುತ್ತಾನೆ. ಆ ದಿನಕ್ಕೆ ಮೂರೂವರೆ ವಾರ ಮೊದಲು ಆಕಾಶದಲ್ಲಿ ಎಲ್ಲಿ ಮುಳುಗುತ್ತಿದ್ದನೋ, ಮೂರೂವರೆ ವಾರ ಆದ ಮೇಲೆ ಅಂದರೆ ಸಂಕ್ರಾಂತಿಗೆ ಮತ್ತೆ ಅಲ್ಲಿಗೇ ಬರುತ್ತಾನೆ. ಬೆಂಗಳೂರಿನ ನೆಹರೂ ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಮತ್ತು ಅವರ ಜೊತೆಗಾರರು ಇದನ್ನು ಅಳೆದು ನೋಡಿ ಬರೆದಿದ್ದಾರೆ. 1792ರಲ್ಲಿ ಇಲ್ಲಿಗೆ ಬಂದಿದ್ದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಅನ್ನುವ ಚಿತ್ರಕಾರರು ಈ ಗುಡಿಯನ್ನು ಬರೆದಿಟ್ಟಿದ್ದರು. ಶೈಲಜಾ ಅವರ ತಂಡ ಆ ಚಿತ್ರಗಳನ್ನು ಈಗಿನ ಗುಡಿಯ ಜೊತೆ ಹೋಲಿಸಿಯೂ ನೋಡಿದೆ. ಈಗಿರುವಷ್ಟು ಗೋಡೆ, ಮಂಟಪ ಆಗ ಇರಲಿಲ್ಲ. ನೀವಿರುವುದು ಹತ್ತಿರದಲ್ಲೇ. ನವೆಂಬರ್ ಕೊನೆಯ ವಾರದ ಒಂದು ಬಿಸಿಲಿನ ಸಂಜೆ ಹೋಗಿ ನೋಡಿ, ಸಂಕ್ರಾಂತಿಯ ನೂಕುನುಗ್ಗಲು ಇರುವುದಿಲ್ಲ.

ಗವಿಪುರದಲ್ಲಿ ಇನ್ನೂ ಎರಡು ಬಂಡೆಗಳಿವೆ. ಒಂದು ಹರಿಹರ ಗುಡ್ಡ, ಅದರ ಮೇಲೆ ಕಲ್ಲಿನ ಛತ್ರಿ. ಇನ್ನೊಂದು ಬಂಡೆ ಮಹಾಕಾಳಿ, ಹೆಸರಲ್ಲೇ ಬಂಡೆ ಕೂತಿದೆ. ಹತ್ತಿರದ ಕೆಂಪಾಂಬುಧಿ ಕೆರೆಯ ಕಡೆ ಕೆಂಪೇಗೌಡರ ಕಾಲದ ನಾಲ್ಕು ಗಡಿ ಗೋಪುರಗಳಲ್ಲಿ ಒಂದಿದೆ. ನೀವು ಲಾಲ್‌ಬಾಗಿನ ಬಂಡೆಯ ಮೇಲೆ ನೋಡಿರುವ ಗೋಪುರದ ಅಣ್ಣ ತಮ್ಮ ಇದು. ಮಾವನವರು ದಣಿದಿದ್ದರೆ ಇವನ್ನೆಲ್ಲ ಬಿಡಿ. ಅದರ ಬದಲು ಮಾಸ್ತಿಯವರ ಮನೆಗೆ ಹೋಗಿ. 1983ರ ಜ್ಞಾನಪೀಠ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಇದ್ದ ಗವಿಪುರದ ಮನೆ ಈಗ ವಸ್ತುಸಂಗ್ರಹಾಲಯ ಆಗಿದೆ. ಹೊರಡುವ ಮುಂಚೆ ಆ ದಿನ ತೆರೆದಿರುತ್ತದೆಯೇ ಅಂತ ವಿಚಾರಿಸಿಕೊಳ್ಳಿ. ಕನ್ನಡ ಮೇಷ್ಟ್ರಾಗಿದ್ದರಂತೂ ನಿಮ್ಮ ಮಾವ ಅಲ್ಲಿಂದ ಬೇಗ ಹೊರಡುವುದಿಲ್ಲ.

ಕಟ್ಟಡಗಳ ಬಗ್ಗೆ ಕೇಳಿದ್ದೀರಿ, ಮೂರು ಸಂಸ್ಥೆಗಳನ್ನು ಹೇಳದೆ ಇರಲಾರೆ. ನ್ಯಾಷನಲ್ ಕಾಲೇಜು, ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆ, ನರಸಿಂಹರಾಜ ಕಾಲೊನಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಮೂರೂ ಹುಟ್ಟಿದ್ದು 1945ರಲ್ಲಿ. ಯುದ್ಧ ಮುಗಿಯುತ್ತಿತ್ತು, ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಆಗ ಒಂದೇ ವರ್ಷದಲ್ಲಿ, ಒಂದೇ ಬಡಾವಣೆಯ ಸುತ್ತ, ಓದಲು ಮತ್ತು ಮಾತಾಡಲು ಮೂರು ಜಾಗ ಕಟ್ಟಿಕೊಂಡರು. ಕಾಲೇಜಿನ ಬೇರು ಇನ್ನೂ ಹಳೆಯದು, 1917ರಲ್ಲಿ ಆನಿ ಬೆಸೆಂಟ್ ಶುರು ಮಾಡಿಸಿದ ನ್ಯಾಷನಲ್ ಹೈಸ್ಕೂಲು. ಎಚ್. ನರಸಿಂಹಯ್ಯನವರು ಅದೇ ಹೈಸ್ಕೂಲಿನಲ್ಲಿ ಓದಿ, ಮುಂದೆ ಕಾಲೇಜಿನ ಪ್ರಾಂಶುಪಾಲರಾದರು. ಗೋಖಲೆ ಸಂಸ್ಥೆ ಡಿ.ವಿ.ಜಿ.ಯವರು ಕಟ್ಟಿದ್ದು. ವಿಶ್ವ ಸಂಸ್ಕೃತಿ ಸಂಸ್ಥೆ ಕಟ್ಟಿದ ಬಿ.ಪಿ. ವಾಡಿಯಾ ಅವರು ಮದ್ರಾಸಿನಲ್ಲಿ 1918ರಲ್ಲೇ ಕಾರ್ಮಿಕ ಸಂಘ ಕಟ್ಟಿದವರಲ್ಲಿ ಒಬ್ಬರು.

ಈ ಮೂರರಲ್ಲಿ ಒಂದಕ್ಕೆ ಮಾತ್ರ ಸಮಯ ಇದ್ದರೆ ವಿಶ್ವ ಸಂಸ್ಕೃತಿ ಸಂಸ್ಥೆಗೆ ಹೋಗಿ. ಸಂಜೆ ಹೊತ್ತು ಅಲ್ಲಿ ಉಪನ್ಯಾಸ, ಸಂಗೀತ ಇರುತ್ತದೆ, ಯಾರು ಬೇಕಾದರೂ ಹೋಗಿ ಕೂರಬಹುದು. ಒಳ್ಳೆಯ ಗ್ರಂಥಾಲಯ ಇದೆ. ಇಂಥ ಕಟ್ಟಡವನ್ನು ಹೊರಗಿನಿಂದ ನೋಡಿ ಫೋಟೋ ತೆಗೆದು ಬಂದರೆ ಏನೂ ನೋಡಿದ ಹಾಗಾಗುವುದಿಲ್ಲ. ಕಟ್ಟಿದ್ದು ಯಾವ ಕೆಲಸಕ್ಕೋ ಆ ಕೆಲಸ ನಡೆಯುವಾಗ ಒಳಗೆ ಕೂತಿರಬೇಕು.

ಟಾಟಾ ಸಿಲ್ಕ್ ಫಾರಂ ಅನ್ನುವ ಬಸ್ ಬೋರ್ಡು ನೋಡಿ ಹುಡುಗ ಏನದು ಅಂತ ಕೇಳಬಹುದು. ಜೆಮ್‌ಶೆಡ್‌ಜಿ ಟಾಟಾ ಇಲ್ಲಿ ಜಪಾನಿನ ಕ್ರಮದಲ್ಲಿ ರೇಷ್ಮೆ ಸಾಕುವ ಪ್ರಯೋಗ ಮಾಡಿದ್ದರು. ಫಾರಂ ಹೋಗಿ ಕಾಲವಾಯಿತು, ಹೆಸರು ಉಳಿದಿದೆ. ನೋಡಲು ಅಲ್ಲಿ ಏನೂ ಇಲ್ಲ, ಹುಡುಕಿಕೊಂಡು ಹೋಗಬೇಡಿ. ಕಾರಂಜಿ ಆಂಜನೇಯ ದೇವಸ್ಥಾನದ ಹೆಸರಿನ ಕಾರಂಜಿ ಕೆರೆಯೂ ಹಾಗೆಯೇ, ದೇವರು ಇದ್ದಾನೆ, ಕೆರೆ ಇಲ್ಲ. ಆಂಜನೇಯ ಮಾತ್ರ ಎತ್ತರದ ಚೆಂದದ ಮೂರ್ತಿ. ದಾರಿಯಲ್ಲೇ ಸಿಗುತ್ತದೆ, ಒಂದು ಕೈ ಮುಗಿದು ಬನ್ನಿ.

ಲಾಲ್‌ಬಾಗನ್ನು ಈ ಸಲ ಬಿಡಿ ಅಂತ ನಾನು ಹೇಳುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಹೋಗಿ. ಆದರೆ ಗಾಜಿನ ಮನೆಗಿಂತ ಮೊದಲು ಗುಡ್ಡ ಹತ್ತಿಸಿ ನೋಡಿ. ಹಿಂದಿನ ದಿನ ಮುಟ್ಟಿದ ಅದೇ ಪಟ್ಟೆ ಕಲ್ಲು ಕಾಲ ಕೆಳಗೆ ಸಿಕ್ಕಾಗ ಹುಡುಗನೇ ಹೇಳುತ್ತಾನೆ, ಇದು ನಮ್ಮ ಬಸವಣ್ಣನ ಕಲ್ಲು ಅಂತ. ನಾನು ಕರೆದುಕೊಂಡು ಹೋದ ಮಕ್ಕಳಲ್ಲಿ ಎಷ್ಟೋ ಜನ ಹಾಗೆ ಕೂಗಿದ್ದನ್ನು ಕೇಳಿದ್ದೇನೆ.

ನಿಮ್ಮವರು ಬರುವ ದಿನ ಕಾರ್ತಿಕ ಮಾಸದ ಕಡೆಗೆ ಬಿದ್ದರೆ ಮೇಲೆ ಹೇಳಿದ ಕ್ರಮವನ್ನೆಲ್ಲ ಬದಲಾಯಿಸಿ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಗೆ ಆಟೋ ಬರುವುದಿಲ್ಲ, ಮಾವನವರಿಗೆ ಸೋಮವಾರದ ಜನಜಂಗುಳಿ ಆಗುವುದಿಲ್ಲ. ರಾಶಿಗಳು ಎರಡು ಮೂರು ದಿನ ಮೊದಲೇ ಬಂದು ಬಿದ್ದಿರುತ್ತವೆ. ಭಾನುವಾರ ಬೆಳಿಗ್ಗೆ ಬೇಗ ಹೋಗಿ. ರೈತರು ಆಗಷ್ಟೇ ಮೂಟೆ ಬಿಚ್ಚುತ್ತಿರುತ್ತಾರೆ, ಮಾತಾಡಲು ಪುರುಸೊತ್ತು ಇರುತ್ತದೆ. ಎರಡು ಮೂರು ಬಗೆಯ ಕಾಯಿ ಬಿಡಿಸಿ ತಿಂದು ನೋಡಿ ಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಬಟ್ಟೆ ಚೀಲ ಮನೆಯಿಂದಲೇ ತೆಗೆದುಕೊಂಡು ಹೋಗಿ.